ಹಳೇ ಕಿಟಕಿಯ ಕಟ್ಟೆ: ಮಳೆ ನಿಂತ ಮೇಲಿನ ರಿಪೇರಿ

ದೀಪಾವಳಿ ಕಳೆದು ನಾಲ್ಕು ದಿನ ಗಟ್ಟಿ ಬಿಸಿಲು ಬಿದ್ದರೆ ಮಲೆನಾಡಿನ ಹಳೇ ಮನೆಗಳಲ್ಲಿ ಒಂದು ಕೆಲಸ ತಾನಾಗಿ ಶುರುವಾಗುತ್ತದೆ. ಜೂನ್‌ನಲ್ಲಿ ಮುಚ್ಚಿದ ಕಿಟಕಿಗಳನ್ನು ತೆಗೆಯುವ ಕೆಲಸ. ಉಬ್ಬಿದ ಕದ ಎರಡು ಗುದ್ದು ತಿಂದ ಮೇಲೇ ತೆರೆದುಕೊಳ್ಳುತ್ತದೆ. ಆಗ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ: ಕೆಳಗಿನ ಮರದ ಮೇಲೆ ಬಿಳಿ ಬೂಷ್ಟು, ಹೊರಗಿನ ಕಟ್ಟೆಯಲ್ಲಿ ಪಾಚಿ, ಮೂಲೆಯಲ್ಲಿ ಸಿಪ್ಪೆ ಎದ್ದ ಬಣ್ಣ. ನಮ್ಮ ಮನೆಯ ಪಡುವಣ ಕೋಣೆಯ ಕಿಟಕಿಯಲ್ಲಿ ಬಣ್ಣವೇನೋ ಚೆನ್ನಾಗಿಯೇ ಇತ್ತು. ಒರೆಸೋಣ ಅಂತ ಬಟ್ಟೆ ಒತ್ತಿದೆ, ಹೆಬ್ಬೆರಳು ಮರದೊಳಗೇ ಹೋಯಿತು.

ಆಗ ಸಿಗುವ ಸಲಹೆ ಎರಡೇ. ಒಂದು, "ಕಿತ್ತು ಹೊಸದು ಹಾಕಿಸಿಬಿಡಿ." ಇನ್ನೊಂದು, "ಮೇಲೊಂದು ಕೋಟ್ ಪೇಂಟ್ ಹೊಡೀರಿ, ಸಾಕು." ಮೊದಲನೆಯದು ಬಹಳಷ್ಟು ಕಿಟಕಿಗಳಿಗೆ ಬೇಕಾಗಿಯೇ ಇಲ್ಲ. ಎರಡನೆಯದು ಒಳಗಿನ ಕೊಳೆಗೆ ಹೊದಿಕೆ ಹೊದಿಸಿದ ಹಾಗೆ. ಇವೆರಡರ ನಡುವೆ ಮನೆಯವರೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಆದರೆ ಉಳಿ ಹಿಡಿಯುವ ಮೊದಲು ನೀರು ಎಲ್ಲಿ ನಿಲ್ಲುತ್ತಿದೆ ಅಂತ ಗೊತ್ತಾಗಬೇಕು. ಅದು ಗೊತ್ತಾಗದೆ ಮಾಡಿದ ರಿಪೇರಿ ಮುಂದಿನ ಆರಿದ್ರಾ ಮಳೆಯವರೆಗೆ ಮಾತ್ರ.

ಯಾವುದಕ್ಕೆ ಏನು ಹೆಸರು

ಗೋಡೆಯೊಳಗೆ ನಾಲ್ಕೂ ಬದಿಗೆ ಕೂತಿರುವ ಮರ ಚೌಕಟ್ಟು. ಅದರಲ್ಲಿ ಕೆಳಗೆ ಅಡ್ಡಲಾಗಿರುವ ಮರವನ್ನು ಈ ಲೇಖನದಲ್ಲಿ ಕೆಳಪಟ್ಟಿ ಎಂದು ಕರೆಯುತ್ತೇನೆ. ಚೌಕಟ್ಟಿನ ಒಳಗೂ ಹೊರಗೂ ಗೋಡೆಯ ದಪ್ಪದ ಮೇಲೆ ಉಳಿಯುವ ಚಪ್ಪಟೆ ಜಾಗ ಕಟ್ಟೆ. ಒಳಗಿನ ಕಟ್ಟೆ ಬೆಕ್ಕಿಗೆ, ಉಪ್ಪಿನಕಾಯಿ ಜಾಡಿಗೆ, ಓದುವ ಮಕ್ಕಳಿಗೆ. ಹೊರಗಿನದು ಮಳೆಗೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೇ ಮನೆಗಳಲ್ಲಿ ಗೋಡೆ ಮಣ್ಣಿನದ್ದು ಅಥವಾ ಜಂಬಿಟ್ಟಿಗೆಯದ್ದು, ಅಂದರೆ ಕೆಂಪು ಮುರಕಲ್ಲಿನದ್ದು, ಮೇಲೆ ಸುಣ್ಣದ ಗಾರೆ. ಶಿವಮೊಗ್ಗ ಪೇಟೆಯ ಹಳೇ ಬೀದಿಗಳಲ್ಲಿ ಇಟ್ಟಿಗೆ ಗೋಡೆ, ರೆಡ್ ಆಕ್ಸೈಡ್ ಅಥವಾ ಸಿಮೆಂಟ್ ಕಟ್ಟೆ ಜಾಸ್ತಿ. ಚೌಕಟ್ಟಿನ ಮರ ಸಾಗುವಾನಿ, ಹೊನ್ನೆ, ಹಲಸು, ಮತ್ತಿ ಹೀಗೆ ಆಯಾ ಮನೆಯ ಶಕ್ತಿಗೆ ತಕ್ಕಂತೆ.

ಮೊದಲು ಕೆಳಪಟ್ಟಿಯೇ ಯಾಕೆ ಕೊಳೆಯುತ್ತದೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂದರೆ ಬಿದ್ದ ನೀರೆಲ್ಲ ಹರಿಯದೆ ನಿಂತರೆ ಏಳು ಮೀಟರ್ ಎತ್ತರ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಆದರೆ ಕಿಟಕಿಗೆ ಕಾಟ ಕೊಡುವುದು ನೇರವಾಗಿ ಸುರಿಯುವ ಮಳೆಯಲ್ಲ, ಗಾಳಿಗೆ ಅಡ್ಡಡ್ಡ ಹೊಡೆಯುವ ಎರಚಲು. ಮುಂಗಾರಿನ ಗಾಳಿ ನೈರುತ್ಯದಿಂದ ಬೀಸುತ್ತದೆ. ಹಾಗಾಗಿ ಪಶ್ಚಿಮ, ದಕ್ಷಿಣದ ಕಿಟಕಿಗಳಿಗೆ ಏಟು ಜಾಸ್ತಿ. ಹಿಂದಿನವರು ಸೂರನ್ನು ಉದ್ದಕ್ಕೆ ಇಳಿಸುತ್ತಿದ್ದರು, ಸಾಲದ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ತಟ್ಟಿ ಕಟ್ಟುವುದು ನಿಂತ ಮನೆಗಳಲ್ಲಿ ಕೆಳಪಟ್ಟಿಗಳು ಬೇಗ ಹಾಳಾಗುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಮರದ ಒಳಗೆ ನೋಡೋಣ. ಮರ ಅಂದರೆ ಉದ್ದಕ್ಕೆ ಕಟ್ಟಿಟ್ಟ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಬದುಕಿದ್ದಾಗ ಬೇರಿನ ನೀರು ಇದೇ ಕೊಳವೆಗಳಲ್ಲಿ ಎಲೆಗೆ ಹೋಗುತ್ತಿತ್ತು. ಮರ ಕಡಿದು ಚೌಕಟ್ಟು ಮಾಡಿದ ಮೇಲೂ ಕೊಳವೆಗಳು ಹಾಗೇ ಇರುತ್ತವೆ. ಹಲಗೆಯ ಅಗಲದ ಮೈಯಿಂದ ನೀರು ನಿಧಾನವಾಗಿ ಇಳಿಯುತ್ತದೆ. ಕೊಯ್ದ ತುದಿಯಿಂದ ಮಾತ್ರ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಸರಸರ ಹೀರುತ್ತದೆ. ಚೌಕಟ್ಟಿನ ಎರಡು ಬದಿಗೆ ನಿಂತ ಮರಗಳು ಕೆಳಪಟ್ಟಿಗೆ ಸೇರುವ ಎರಡು ಮೂಲೆಗಳಲ್ಲಿ ಈ ಕೊಯ್ದ ತುದಿಗಳಿರುತ್ತವೆ. ಕೊಳೆ ಶುರುವಾಗುವುದು ಹೆಚ್ಚಾಗಿ ಅಲ್ಲೇ.

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅಣಬೆಯ ಜಾತಿಗೆ ಸೇರಿದ್ದು. ಅದಕ್ಕೆ ಬೇಕಾದ್ದು ನಾಲ್ಕು: ಆಹಾರ, ಗಾಳಿ, ಹದವಾದ ಬಿಸಿ, ನೀರು. ಆಹಾರ ಮರವೇ. ಗಾಳಿ, ಬಿಸಿ ನಮ್ಮ ಕೈಯಲ್ಲಿಲ್ಲ. ಉಳಿದದ್ದು ನೀರೊಂದೇ. ಮರದ ತೂಕದಲ್ಲಿ ತೇವ ಸುಮಾರು ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಮಳೆಯಲ್ಲಿ ತೊಯ್ದು ಮರುದಿನ ಒಣಗುವ ಮರಕ್ಕೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಒಣಗದೇ ಇರುವ ಮರ ಕೊಳೆಯುತ್ತದೆ. ಜಗಲಿಯ ಕಂಬ ಮಳೆಯಲ್ಲಿ ನೆನೆದೂ ನೂರು ವರ್ಷ ನಿಲ್ಲುವುದು, ಪೇಂಟ್ ಹೊಡೆದ ಕೆಳಪಟ್ಟಿ ಹದಿನೈದು ವರ್ಷಕ್ಕೆ ಪುಡಿಯಾಗುವುದು ಹೀಗೆ. ಪೇಂಟಿನ ಬಿರುಕಿನಲ್ಲಿ ಒಳಗೆ ಹೋದ ನೀರಿಗೆ ಅದೇ ಪೇಂಟು ಹೊರಗೆ ಬರಲು ಬಿಡುವುದಿಲ್ಲ.

ಮರದ ಜಾತಿಯೂ ಮುಖ್ಯ. ಸಾಗುವಾನಿ, ಹೊನ್ನೆಯ ಒಳಗಿನ ಕೆಚ್ಚು ಕೊಳೆಗೆ ಸುಲಭವಾಗಿ ಬಗ್ಗುವುದಿಲ್ಲ. ಅದೇ ಮರದ ಹೊರಗಿನ ಬಿಳಿ ಭಾಗಕ್ಕೆ ಆ ಗುಣ ಇಲ್ಲ. "ಸಾಗುವಾನಿ ಹಾಕಿಸಿದ್ದೆವು, ಆದರೂ ಹೋಯಿತಲ್ಲ" ಅನ್ನುವವರ ಮರದಲ್ಲಿ ಬಿಳಿ ಭಾಗ ಸೇರಿಕೊಂಡಿತ್ತೇನೋ ಅಂತ ನೋಡಬೇಕು.

ದಬ್ಬಣ ಹಿಡಿದು ತಪಾಸಣೆ

ಅಡಿಕೆ ಮೂಟೆ ಹೊಲಿಯುವ ದಬ್ಬಣ ಮನೆಯಲ್ಲಿ ಇದ್ದೇ ಇರುತ್ತದೆ. ಇದಕ್ಕಿಂತ ಒಳ್ಳೆ ತಪಾಸಣೆಯ ಸಾಧನ ಅಂಗಡಿಯಲ್ಲಿಲ್ಲ. ಕೆಳಪಟ್ಟಿಯ ಉದ್ದಕ್ಕೂ ಎರಡೆರಡು ಇಂಚಿಗೆ ಕೈಯ ಬಲದಲ್ಲಿ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ತುದಿ ಒಂದೆರಡು ಮಿಲಿಮೀಟರ್ ಕೂತು ನಿಲ್ಲುತ್ತದೆ. ಕೊಳೆತಲ್ಲಿ ಹಣ್ಣಿಗೆ ಚುಚ್ಚಿದ ಹಾಗೆ ಇಳಿಯುತ್ತದೆ. ಊರ ಮಾತಿನಲ್ಲಿ ಮರ ಲಡ್ಡಾಗಿದೆ ಅನ್ನುವುದು ಇದಕ್ಕೇ. ಗಟ್ಟಿ ಎಲ್ಲಿ ಶುರುವಾಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೂಲೆಗಳನ್ನೂ, ಪಟ್ಟಿಯ ಕೆಳಮೈಯನ್ನೂ ಬಿಡಬೇಡಿ.

ಎಲ್ಲ ಕಲೆಯೂ ಕೊಳೆಯಲ್ಲ. ಮೇಲೆ ಬಿಳಿ, ಕಪ್ಪು ಪುಡಿ ಹಾಗೆ ಕೂತ ಬೂಷ್ಟು ಒರೆಸಿದರೆ ಹೋಗುತ್ತದೆ, ಅಡಿಯ ಮರ ಗಟ್ಟಿಯೇ ಇರುತ್ತದೆ. ಸಣ್ಣ ದುಂಡು ತೂತು, ಕೆಳಗೆ ಹಿಟ್ಟಿನಂಥ ನುಣ್ಣನೆ ಪುಡಿ ಕಂಡರೆ ಅದು ಕುಟ್ಟೆ ಹುಳ. ಮಣ್ಣಿನ ಗೆರೆ ಗೋಡೆ ಹತ್ತಿ ಬಂದಿದ್ದರೆ ಒರಲೆ, ಅಂದರೆ ಗೆದ್ದಲು. ಒರಲೆಗೆ ಕಿಟಕಿಯೊಂದನ್ನೇ ರಿಪೇರಿ ಮಾಡಿ ಉಪಯೋಗವಿಲ್ಲ. ಗೂಡು ನೆಲದಲ್ಲಿರುತ್ತದೆ, ಬರುವ ದಾರಿ ಗೋಡೆಯಲ್ಲಿರುತ್ತದೆ. ಮೊದಲು ಅದಕ್ಕೆ ಮದ್ದು ಆಗಬೇಕು. ಕುಟ್ಟೆಗೆ ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತಿಗೆ ಬಿಟ್ಟು, ಆಮೇಲೆ ತೂತು ಮುಚ್ಚಬಹುದು.

ತೊಳೆಯುವಾಗಿನ ಎಚ್ಚರ

ಒಣ ಬ್ರಶ್ಶಿನಲ್ಲಿ ಧೂಳು, ಜೇಡರ ಬಲೆ ತೆಗೆಯಿರಿ. ಆಮೇಲೆ ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಪೈಪ್ ಹಿಡಿದು ಮರಕ್ಕೆ ನೀರು ಬಿಡಬೇಡಿ. ಒಣಗಿಸಲು ಹೊರಟ ಮರಕ್ಕೆ ಮತ್ತೆ ಮಳೆ ತಂದ ಹಾಗಾಗುತ್ತದೆ. ಸಿಮೆಂಟ್ ಕಟ್ಟೆಯ ಪಾಚಿಗೆ ಗಟ್ಟಿ ಬ್ರಶ್ ಸಾಕು. ಬ್ಲೀಚಿಂಗ್ ನೀರು ಬಳಸಿದರೆ ಅದರ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವತ್ತೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ರೆಡ್ ಆಕ್ಸೈಡ್ ಕಟ್ಟೆಗಂತೂ ಆ್ಯಸಿಡ್ ಬೇಡವೇ ಬೇಡ. ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ. ಒಮ್ಮೆ ಹೊಳಪು ಹೋದರೆ ಹಿಂದಿನ ಹಾಗೆ ಬರುವುದು ಕಷ್ಟ.

ಹಳೇ ಬಣ್ಣ ಕೆರೆಯುವುದು ಇನ್ನೂ ದೊಡ್ಡ ವಿಷಯ. ಹಿಂದಿನ ಆಯಿಲ್ ಪೇಂಟ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆ ಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ ಹಸಿರು, ನೀಲಿ ಬಣ್ಣಕ್ಕೆ ಇಂಥ ಲೆಕ್ಕವೇನೂ ಇರಲಿಲ್ಲ. ಸೀಸದ ಧೂಳು ಮೈಗೆ ಹೋದರೆ ಸಣ್ಣ ಮಕ್ಕಳ ಮಿದುಳಿಗೆ ಹಾನಿ. ಅದಕ್ಕೇ ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು. ನೀರು ಚಿಮುಕಿಸಿ ಕೆರೆಯಬೇಕು, ಕೆಳಗೆ ಪ್ಲಾಸ್ಟಿಕ್ ಹಾಸಬೇಕು. ಬಟ್ಟೆಯ ಮಾಸ್ಕ್ ಸಾಲದು, ಎನ್-95 ಹಾಕಿಕೊಳ್ಳಿ. ಮಕ್ಕಳು, ಬಸುರಿಯರು ಆ ಕೋಣೆಗೆ ಬರುವುದು ಬೇಡ. ಸಿಪ್ಪೆಯನ್ನು ಒಲೆಗೋ ತೋಟಕ್ಕೋ ಹಾಕದೆ ಚೀಲದಲ್ಲಿ ಕಟ್ಟಿಡಿ. ಬಿಸಿಗಾಳಿಯ ಗನ್ ಹಿಡಿದರೆ ಬಣ್ಣ ಬೇಗ ಏಳುತ್ತದೆ, ನಿಜ. ಆದರೆ ಜಾಸ್ತಿ ಕಾದರೆ ಸೀಸದ ಹೊಗೆ ಬರುತ್ತದೆ. ಹಳೇ ಮರದ ಮನೆಯಲ್ಲಿ ಬೆಂಕಿಯ ಭಯವೂ ಇದೆ.

ಹತಾರಗಳು

ಈ ಕೆಲಸಕ್ಕೆ ಮಷಿನ್ ಬೇಕೇ ಬೇಕು ಅಂತಿಲ್ಲ. ಮುಕ್ಕಾಲು ಇಂಚಿನ ಉಳಿ ಒಂದು, ಸಾಧ್ಯವಾದರೆ ಕಾಲು ಇಂಚಿನದ್ದು ಇನ್ನೊಂದು. ಹೊಡೆಯಲು ಮರದ ಕೊಡತಿ. ಬಣ್ಣ ಎಬ್ಬಿಸಲು, ಆಮೇಲೆ ಪುಟ್ಟಿ ಎಳೆಯಲು ಪುಟ್ಟಿ ಬ್ಲೇಡ್. ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್, ಮೂರು ನಂಬರಿನದ್ದು: 80, 120, 220. ನಂಬರ್ ಜಾಸ್ತಿಯಾದಷ್ಟೂ ಕಾಳು ನುಣ್ಣಗೆ. ಬೇಳೆ ಒಡೆದು, ಆಮೇಲೆ ರುಬ್ಬಿ, ಕೊನೆಗೆ ನುಣ್ಣಗೆ ಮಾಡಿದ ಹಾಗೆ ಕ್ರಮವಾಗಿಯೇ ಹೋಗಬೇಕು. 80ರಿಂದ ನೇರ 220ಕ್ಕೆ ಹಾರಿದರೆ ಹಳೇ ಗೀರು ಹಾಗೇ ಉಳಿಯುತ್ತದೆ. ಕಾಗದವನ್ನು ಒಂದು ಮರದ ತುಂಡಿಗೆ ಸುತ್ತಿ, ಮರದ ಎಳೆಯ ಉದ್ದಕ್ಕೇ ಉಜ್ಜಿ. ಬರೀ ಬೆರಳಲ್ಲಿ ಉಜ್ಜಿದರೆ ಹಳ್ಳ ಬೀಳುತ್ತದೆ.

ಉಳಿ ಹರಿತ ಇರಬೇಕು. ಮೊಂಡು ಉಳಿಯೇ ಕೈ ಕೊಯ್ಯುವುದು, ಯಾಕೆಂದರೆ ಅದಕ್ಕೆ ಬಲ ಹಾಕುತ್ತೇವೆ, ಬಲ ಹಾಕಿದ್ದು ಜಾರುತ್ತದೆ. ಉಳಿಯ ಮುಂದೆ ಇನ್ನೊಂದು ಕೈ ಇಡಬೇಡಿ. ಇಷ್ಟು ಸಣ್ಣ ಮಾತಿಗೆ ನನ್ನ ಎಡಗೈಯಲ್ಲಿ ಎರಡು ಹೊಲಿಗೆ ಇವೆ.

ಕಟ್ಟಿಂಗ್ ಗ್ರೈಂಡರ್ ಈಗ ಮನೆಮನೆಯಲ್ಲೂ ಇದೆ. ಕಿಟಕಿಗೆ ಮಾತ್ರ ಅದನ್ನು ತರಬೇಡಿ. ಒಂದು ಕ್ಷಣದಲ್ಲಿ ಗಟ್ಟಿ ಮರವನ್ನೂ ತಿಂದುಬಿಡುತ್ತದೆ, ಅಂಚು ಸುಡುತ್ತದೆ. ಖರ್ಚು ಮಾಡಲೇಬೇಕು ಅಂದರೆ ಅಲುಗು ಅತ್ತಿತ್ತ ಅಲುಗುವ ಮಲ್ಟಿಟೂಲ್ ತೆಗೆದುಕೊಳ್ಳಿ. ಸರಳುಗಳ ನಡುವಿನ ಇಕ್ಕಟ್ಟಿನಲ್ಲೂ ನೇರ ಕೊಯ್ಯಲು ಅದು ಬರುತ್ತದೆ.

ಸಣ್ಣ ಗಾಯ: ಕೆರೆದು, ಒಣಗಿಸಿ, ತುಂಬುವುದು

ದಬ್ಬಣದಲ್ಲಿ ಗುರುತು ಹಾಕಿದ ಗೆರೆಯವರೆಗೆ ಕೊಳೆತದ್ದೆಲ್ಲ ಹೋಗಬೇಕು. "ಸ್ವಲ್ಪ ಮೆತ್ತಗಿದೆ, ಇರಲಿ" ಅಂತ ಬಿಟ್ಟ ಭಾಗದಿಂದಲೇ ಮತ್ತೆ ಹಬ್ಬುತ್ತದೆ.

ಆಮೇಲಿನ ಕೆಲಸ ಕಾಯುವುದು. ಇದನ್ನೇ ಎಲ್ಲರೂ ಬಿಡುವುದು. ಕೆರೆದ ಹಳ್ಳವನ್ನು ತೆರೆದಿಟ್ಟು, ಕಿಟಕಿ ತೆಗೆದು ಗಾಳಿಗೆ ಬಿಡಿ. ಒಣಗಿತೋ ಇಲ್ಲವೋ ನೋಡಲು ಸಂಜೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಚ್ಚಿ ಮುಚ್ಚಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಇನ್ನೂ ಬರುತ್ತಿದೆ ಅಂತ ಅರ್ಥ. ಮಲೆನಾಡಿನಲ್ಲಿ ನವೆಂಬರ್‌ನಲ್ಲಿ ಕೆರೆದದ್ದನ್ನು ಜನವರಿಯಲ್ಲಿ ತುಂಬಿದರೆ ತಡವೇನಲ್ಲ. ಮಂಜು, ಇಬ್ಬನಿ ಕಳೆದ ಒಣ ಗಾಳಿ ಬೇಕು.

ತುಂಬಲು ಯಾವುದು? ಸುಣ್ಣದ ಪುಡಿಯಂಥ ಸಾಧಾರಣ ಪುಟ್ಟಿ ಒಳಬದಿಯ ಸಣ್ಣ ಗೀರಿಗೆ ಆಗುತ್ತದೆ, ಹೊರಗೆ ನಿಲ್ಲುವುದಿಲ್ಲ. ಗೋಡೆಯ ಪುಟ್ಟಿ ಮರಕ್ಕೆ ಹಾಕಲೇಬೇಡಿ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗೋಡೆಯ ಪುಟ್ಟಿ ಹಾಗೆ ಅಲುಗುವುದಿಲ್ಲ, ಬಿಟ್ಟುಕೊಂಡು ಬೀಳುತ್ತದೆ. ಹೊರಗಿನ ಹಳ್ಳಕ್ಕೆ ಎರಡು ಭಾಗ ಕಲಸಿ ಹಾಕುವ ಎಪಾಕ್ಸಿ ಒಳ್ಳೆಯದು. ಎಂ-ಸೀಲ್ ಥರದ್ದು. ಎರಡೂ ಉಂಡೆಯನ್ನು ಸಮ ತೆಗೆದು, ಬಣ್ಣ ಒಂದೇ ಆಗುವವರೆಗೆ ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಕೈಗೆ ಗ್ಲೌಸ್ ಇರಲಿ. ಬೇಗ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಕಲಸಿ. ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ, ಹಾಗಾಗಿ ಮೇಲೆ ಪೇಂಟ್ ಬೀಳಲೇಬೇಕು.

ದೊಡ್ಡ ಗಾಯ: ಮರದ ತೇಪೆ

ಹಳ್ಳ ಒಂದು ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದರೆ ಎಪಾಕ್ಸಿ ಬದಲು ಮರವನ್ನೇ ಕೂರಿಸುವುದು ಮೇಲು. ಪಂಚೆ ಹರಿದಲ್ಲಿ ಅದೇ ಥರದ ಬಟ್ಟೆಯ ತೇಪೆ ಹಾಕುವುದಿಲ್ಲವೇ, ಇದೂ ಅದೇ. ಅದೇ ಜಾತಿಯ ಮರ, ಎಳೆ ಅದೇ ದಿಕ್ಕಿಗೆ. ಅಡ್ಡ ಎಳೆಯ ತುಂಡು ಕೂರಿಸಿದರೆ ಎರಡೂ ಬೇರೆ ಬೇರೆ ಹಿಗ್ಗಿ ಸಂದು ಬಿಡುತ್ತದೆ. ತೇಪೆಗೆ ಅಟ್ಟದಲ್ಲಿ ಬಿದ್ದಿರುವ ಹಳೇ ಬಾಗಿಲ ತುಂಡು ಚಿನ್ನದಂಥದ್ದು. ಎಷ್ಟೋ ವರ್ಷ ಒಣಗಿ ಅದರ ಹಿಗ್ಗು ಕುಗ್ಗು ಕಡಿಮೆಯಾಗಿರುತ್ತದೆ.

ಕೊಳೆತ ಭಾಗವನ್ನು ಚೌಕವಾಗಿ, ಅಂಚು ನೇರವಾಗಿ ಕೊಯ್ದು ತೆಗೆಯಿರಿ. ತುಂಡನ್ನು ಒಂದೆರಡು ಮಿಲಿಮೀಟರ್ ಎತ್ತರ ಉಳಿಯುವ ಹಾಗೆ ಮಾಡಿ ಕೂರಿಸಿ, ಆಮೇಲೆ ಕೀಸುಳಿಯಲ್ಲಿ ಸಮ ಮಾಡಿ. ಅಂಟು ನೀರು ತಡೆಯುವ ಜಾತಿಯದ್ದೇ ಆಗಬೇಕು. ಸಾಮಾನ್ಯ ಬಿಳಿ ಅಂಟು ಒದ್ದೆಯಲ್ಲಿ ಮೆತ್ತಗಾಗುತ್ತದೆ. ಮೊಳೆ ಬದಲು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿ. ಮರದ ಚೊಗರು ಕಬ್ಬಿಣಕ್ಕೆ ತಾಕಿದರೆ ಕಪ್ಪು ಕಲೆ ಹಬ್ಬುತ್ತದೆ. ಅಡಿಕೆ ಚೊಗರು ಗೊತ್ತಿರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚೌಕಟ್ಟಿನ ಮೂಲೆಯ ಕೂಡಿಕೆಯೇ ಸಡಿಲವಾಗಿದ್ದರೆ, ಕೆಳಪಟ್ಟಿಯ ದಪ್ಪದಲ್ಲಿ ಅರ್ಧ ಹೋಗಿದ್ದರೆ ಅಥವಾ ಕಿಟಕಿಯ ಮೇಲಿನ ಗೋಡೆಯಲ್ಲಿ ಬಿರುಕಿದ್ದರೆ ಮರಗೆಲಸದ ಆಚಾರ್ರನ್ನು ಕರೆಯಿರಿ. ಹಳೇ ಮಣ್ಣಿನ ಗೋಡೆಯಲ್ಲಿ ಚೌಕಟ್ಟು ಮೇಲಿನ ಭಾರವನ್ನೂ ಸ್ವಲ್ಪ ಹೊತ್ತಿರಬಹುದು. ಅದನ್ನು ನಾವೇ ಎಳೆದು ತೆಗೆಯುವುದು ಅಪಾಯ.

ಗೋಡೆಯ ಕಟ್ಟೆಗೆ ಕಂಬಳಿಕೊಪ್ಪೆಯ ಲೆಕ್ಕ

ಮಳೆಗೆ ತಲೆ, ಬೆನ್ನು ಮುಚ್ಚುವ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಗದ್ದೆ ಕೆಲಸ ಮಾಡಿದವರಿಗೆ ಗೊತ್ತು, ಮಳೆ ಒಳಗೆ ಬರದಿದ್ದರೂ ಬೆವರಿಗೇ ಮೈಯೆಲ್ಲ ಒದ್ದೆ. ಕಂಬಳಿಕೊಪ್ಪೆ ಮಳೆಯನ್ನೂ ತಡೆಯುತ್ತದೆ, ಒಳಗಿನ ಹಬೆಯನ್ನೂ ಬಿಡುತ್ತದೆ. ಗಟ್ಟಿ ಸಿಮೆಂಟ್ ಪ್ಲಾಸ್ಟಿಕ್ ಇದ್ದ ಹಾಗೆ, ಸುಣ್ಣದ ಗಾರೆ ಕಂಬಳಿ ಇದ್ದ ಹಾಗೆ. ಮಣ್ಣಿನ, ಜಂಬಿಟ್ಟಿಗೆಯ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವ ಹೀರಿ ಹೊರಗೆ ಬಿಡುತ್ತಿರುತ್ತದೆ. ಅದರ ಕಟ್ಟೆಯ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಪಕ್ಕಕ್ಕೆ ಸರಿದು ಕೆಳಪಟ್ಟಿಯ ಮರಕ್ಕೇ ಬರುತ್ತದೆ. ಹಾಗಾಗಿ ಗಾರೆಯ ಗೋಡೆಗೆ ಗಾರೆಯೇ ಸರಿ. ಇಟ್ಟಿಗೆ, ಸಿಮೆಂಟಿನ ಮನೆಗೆ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು ಸಾಕು. ಬಿರುಕನ್ನು ಉಳಿಯಲ್ಲಿ ಸ್ವಲ್ಪ ಅಗಲ ಮಾಡಿ, ನೀರು ಚಿಮುಕಿಸಿ ತುಂಬಿ, ಒಂದು ವಾರ ಒದ್ದೆ ಗೋಣಿ ಹೊದಿಸಿಡಿ.

ಮರ ಮತ್ತು ಗೋಡೆ ಸೇರುವ ಸಂದಿಗೆ ಮಾತ್ರ ಇವ್ಯಾವುದೂ ಬೇಡ. ಅಲುಗುವ ಮರಕ್ಕೂ ಅಲುಗದ ಗೋಡೆಗೂ ನಡುವೆ ರಬ್ಬರಿನ ಹಾಗೆ ಎಳೆಯುವ ಸೀಲಂಟ್ ಹಾಕಿ. ಮೇಲೆ ಪೇಂಟ್ ಹತ್ತುವ ಜಾತಿಯದ್ದು ಕೇಳಿ ತನ್ನಿ.

ಇಳಿಜಾರು, ಗೀರು

ಹೊರಗಿನ ಕಟ್ಟೆಯ ಮೇಲೆ ಒಂದು ಲೋಟ ನೀರು ಹೊಯ್ದು ನೋಡಿ. ಹೊರಗೆ ಹರಿದರೆ ಸರಿ. ನಿಂತರೆ ಅಥವಾ ಮರದ ಕಡೆ ಬಂದರೆ ಕೊಳೆಗೆ ಕಾರಣ ಸಿಕ್ಕಿತು. ಒಂದು ಅಡಿ ಅಗಲಕ್ಕೆ ಸುಮಾರು ಒಂದು ಇಂಚು ಇಳಿಜಾರು ಹೊರಗಡೆಗೆ ಇರಬೇಕು.

ಇಷ್ಟೇ ಸಾಲದು. ಅಂಚು ಮಡಚಿರದ ಲೋಟದಿಂದ ಕಾಫಿ ಬಗ್ಗಿಸಿದರೆ ಅದು ನೇರ ಬೀಳದೆ ಲೋಟದ ಮೈಗೆ ಅಂಟಿಕೊಂಡು ಕೆಳಗಿಳಿದು ಟೇಬಲ್ಲಿಗೆ ಬರುತ್ತದೆ, ಅಲ್ವಾ? ಕಟ್ಟೆಯ ತುದಿಯಲ್ಲೂ ನೀರು ಹಾಗೇ ಅಡಿಮೈಗೆ ಅಂಟಿ ಹಿಂದಕ್ಕೆ, ಗೋಡೆಗೆ ಹೋಗುತ್ತದೆ. ಕಟ್ಟೆ ಗೋಡೆಯಿಂದ ಎರಡು ಇಂಚು ಮುಂದೆ ಚಾಚಿ, ಅಡಿಮೈಯಲ್ಲಿ ಉದ್ದಕ್ಕೂ ಒಂದು ಕಿರುಬೆರಳು ಅಗಲದ ಗೀರು ಇದ್ದರೆ ನೀರು ಅದನ್ನು ದಾಟಲಾರದೆ ಅಲ್ಲೇ ಹನಿಯಾಗಿ ಬೀಳುತ್ತದೆ. ಹಳೇ ಕಲ್ಲಿನ ಕಟ್ಟೆಗಳ ಅಡಿಗೆ ಕೈ ಹಾಕಿ ನೋಡಿ, ಈ ಗೀರು ಇರಬಹುದು. ಪೇಂಟು, ಪಾಚಿ ತುಂಬಿ ಮುಚ್ಚಿದ್ದರೆ ಸುಮ್ನೆ ಒಂದು ಮೊಳೆಯಲ್ಲಿ ಕೆರೆದು ಬಿಡಿಸಿದರೂ ಸಾಕು.

ಎಣ್ಣೆಯೋ ಪೇಂಟೋ

ಎರಡೂ ಆಗುತ್ತದೆ. ಪೇಂಟ್ ಜಾಸ್ತಿ ದಿನ ಬರುತ್ತದೆ, ಆದರೆ ಬಿರುಕು ಬಿಟ್ಟರೆ ಒಳಗಿನ ಕೊಳೆ ಕಾಣಿಸುವುದಿಲ್ಲ. ಬೇಯಿಸಿದ ಅಗಸೆ ಎಣ್ಣೆ ಮರದೊಳಗೆ ಇಳಿಯುತ್ತದೆ, ವರ್ಷಕ್ಕೊಮ್ಮೆ ಹಚ್ಚಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆ, ಗೇರೆಣ್ಣೆ, ಹಳೇ ಪದ್ಧತಿ. ಹುಳಕ್ಕೆ ಒಳ್ಳೆ ತಡೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಬಣ್ಣವೂ ಕಪ್ಪು. ಯಾವುದನ್ನೇ ಹಚ್ಚಿ, ಕೊಯ್ದ ತುದಿಗಳಿಗೆ ಎರಡು ಪಾಲು ಹಚ್ಚಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮೊದಲ ಮಳೆಯ ರಾತ್ರಿ

ರಿಪೇರಿ ಸರಿಯಾಯಿತೋ ಇಲ್ಲವೋ ಜನವರಿಯಲ್ಲಿ ಗೊತ್ತಾಗುವುದಿಲ್ಲ. ಮುಂಗಾರಿನ ಮೊದಲ ಗಾಳಿಮಳೆ ಬರುವ ರಾತ್ರಿ ಒಳಗಿನ ಕಟ್ಟೆಯ ಮೇಲೆ, ಚೌಕಟ್ಟಿಗೆ ತಾಗಿಸಿ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಪೆನ್ನಲ್ಲಿ ಸುತ್ತು ಹಾಕಿ, ತಾರೀಕು ಬರೆದು ಎತ್ತಿಡಿ. ನಮ್ಮ ಪಡುವಣ ಕಿಟಕಿಯ ಪೇಪರ್ ಮೊದಲ ವರ್ಷ ಎಡಮೂಲೆಯಲ್ಲಿ ಅಂಗೈಯಗಲ ನೆನೆದಿತ್ತು. ಅಲ್ಲಿ ಸೀಲಂಟ್ ಹಾಕುವಾಗ ಅವಸರ ಮಾಡಿದ್ದು ನಾನೇ. ದೀಪಾವಳಿ ಕಳೆದ ಮೇಲೆ ಆ ಮೂಲೆಯೊಂದನ್ನು ಮತ್ತೆ ಕೆರೆದು ಹಾಕಿದೆ. ಮರುವರ್ಷದ ಪೇಪರ್ ಒಣಗಿಯೇ ಇತ್ತು.